ಐಸಿನ ಗೋಣಿಂದ ಕಾರಿನ ಫ್ರಿಡ್ಜಿನವರೆಗೆ

"ನಿಂಗೊ ಎಲ್ಲೋರು ಹೋಗಿ ಬನ್ನಿ, ಆನು ಮನೆಲಿ ಇರ್ತೆ. ಎನ್ನ ಇಂಜೆಕ್ಷನಿಂಗೆ ಫ್ರಿಡ್ಜು ಬೇಕನ್ನೆ."

ಎಂಗಳ ಅತ್ತೆ ಈ ಮಾತು ಹೇಳ್ಲೆ ಸುರು ಮಾಡಿ ಎಂಟು ವರ್ಷ ಆತು. ಅವಕ್ಕೆ ಈಗ 78 ವರ್ಷ. ಉದಿಯಪ್ಪಗ ಒಂದು, ಇರುಳಿಂಗೆ ಒಂದು ಇನ್ಸುಲಿನ್ ಚುಚ್ಚೆಕ್ಕು. ಮದುವೆಯೇ ಇರಲಿ, ಉಪನಯನವೇ ಇರಲಿ, ಉಂಡಿಕ್ಕಿ ಹೊತ್ತೋಪಗ ಮಂಗಳೂರಿನ ಮನಗೆ ಎತ್ತೆಕ್ಕು. ವಿಟ್ಲದ ಅಪ್ಪನ ಮನೆಲಿ ಕೂಡಾ ಈ ಎಂಟು ವರ್ಷಲ್ಲಿ ಒಂದು ಇರುಳು ನಿಂದಿದವಿಲ್ಲೆ. ಅಲ್ಲಿ ಫ್ರಿಡ್ಜು ಇದ್ದು, ಆದರೆ ದಾರಿಲಿ ಇಲ್ಲೆನ್ನೆ.

ಕಳುದ ಏಪ್ರಿಲಿಲ್ಲಿ ಮಗ ಬೆಂಗಳೂರಿಂದ ಫೋನು ಮಾಡಿದ. ಅವನ ಜೀಪಿನ ಹಿಂದಾಣ ಸೀಟು ಮಡುಸಿರೆ ಹಾಸಿಗೆ ಅಪ್ಪ ಹಾಂಗೆ ಮಾಡ್ಸಿದ್ದ. ಒಟ್ಟಿಂಗೆ ಒಂದು ಡೇರೆಯೂ ಇದ್ದು. ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ ಹೊಡೆಂಗೆ ಹೋಪ, ಅವನ ದೋಸ್ತಿಯ ಕಾಫಿ ತೋಟಲ್ಲಿ ಎರಡು ಇರುಳು ಇಪ್ಪ, ಈ ಸರ್ತಿ ಅಜ್ಜಿಯ ಬಿಟ್ಟಿಕ್ಕಿ ಹೋಪಲಿಲ್ಲೆ ಹೇಳಿ ಅವನ ಹಟ.

ಹೇಳ್ಲೆ ಸುಲಭ. ಒಂದರಿ ಎಂಗೊ ಕೈ ಸುಟ್ಟುಗೊಂಡಾಯಿದು. ಮೂರು ವರ್ಷ ಹಿಂದೆ ಸುಳ್ಯದ ಹತ್ತರೆ ಒಂದು ಮದುವೆಗೆ ಹೋಪಲೆ ಇತ್ತು. ಕಾರಿನ ಸಾಕೆಟಿಂಗೆ ಸಿಕ್ಕುಸುವ ಒಂದು ಸಣ್ಣ ತಂಪು ಪೆಟ್ಟಿಗೆಯ ಆನ್‌ಲೈನಿಲ್ಲಿ ತರ್ಸಿದೆಯೊ. ಅದರ ಮೇಲೆ ಹಿಮದ ಗುಡ್ಡೆಯ ಚೆಂದದ ಚಿತ್ರ. ಕಾರಿನ ಚಾವಿ ತೆಗದಪ್ಪಗ ಆ ಪೆಟ್ಟಿಗೆಯೂ ಬಂದ್ ಆವುತ್ತು ಹೇಳುದು ಎಂಗೊಗೆ ಅಂದಾಜಿ ಇತ್ತಿಲ್ಲೆ. ಉಂಡಿಕ್ಕಿ ಬಂದು ಮುಚ್ಚಲು ತೆಗದರೆ ಇನ್ಸುಲಿನಿನ ಪೆನ್ನು ಕೈಗೆ ಬೆಶಿ ಬೆಶಿ! ಬೇರೆ ಇತ್ತಿಲ್ಲೆ, ಇರುಳು ಅದನ್ನೇ ಚುಚ್ಚಿದವು. ಮರದಿನ ಉದಿಯಪ್ಪಗ ಶುಗರು 340. ಹೋಳಿಗೆಯ ಪಾಲೂ ರಜ್ಜ ಇದ್ದಿಕ್ಕು, ಆದರೆ ಅತ್ತೆ ಆ ದಿನಂದ ಪೆಟ್ಟಿಗೆಗಳ ನಂಬುದು ಬಿಟ್ಟವು.

ಆನು ಕಾಲೇಜಿಲ್ಲಿ ಇತಿಹಾಸ ಓದಿದೋಳು. ಅಡಿಗೆ ಒಳ ಅದು ಎಂತಕ್ಕೆ ಬೇಕು ಹೇಳಿ ಎಂಗಳ ಮನೆಯವು ನೆಗೆ ಮಾಡುಗು. ಎನಗೆ ಕಾಂಬದು ಹೀಂಗೆ: ಒಂದು ಸಾಮಾನು ತೆಗವ ಮದಲು ಅದು ಹುಟ್ಟಿದ್ದು ಹೇಂಗೆ, ಎಂತಕ್ಕೆ ಹೇಳಿ ನೋಡಿರೆ, ಅಂಗಡಿಯವ ಹೇಳದ್ದ ಸಂಗತಿ ಗೊಂತಾವುತ್ತು. ಹಾಂಗಾಗಿ ಈ ಸರ್ತಿ ಫ್ರಿಡ್ಜು ನೋಡುವ ಮದಲು ಇತಿಹಾಸ ನೋಡಿದೆ. ಸುರು ಮಾಡಿದ್ದು ಅತ್ತೆಯೇ.

"ಐಸಿನ ದಾರಿಲಿ ಕೊಂಡೋಪದು ಎಂತ ಹೊಸ ಸಂಗತಿಯಾ?" ಹೇಳಿದವು ಒಂದು ದಿನ ಬೆಂಡೆಕಾಯಿ ಕೊರಕ್ಕೊಂಡು. "ಎನ್ನ ಮದುವೆಗೆ ಮಂಗಳೂರಿಂದ ವಿಟ್ಲಕ್ಕೆ ಬಸ್ಸಿಲ್ಲಿ ಐಸು ಬಯಿಂದು, ಗೊಂತಿದ್ದಾ ನಿನಗೆ?"

1966ರ ಮೇ ತಿಂಗಳು. ಮದುವೆಲಿ ಸರ್ಬತ್ತಿಂಗೆ ಐಸು ಹಾಕೆಕ್ಕು ಹೇಳಿ ಅತ್ತೆಯ ಅಪ್ಪಂಗೆ ಆಶೆ. ಅವರ ಸೋದರಮಾವ ಹಿಂದಾಣ ದಿನ ಮಂಗಳೂರಿನ ಬಂದರಿಂಗೆ ಹೋಗಿ, ಐಸಿನ ಕಾರ್ಖಾನೆಂದ ಒಂದು ದೊಡ್ಡ ಗಟ್ಟಿ ತೆಗದು, ಹರ್ಕು ಗೋಣಿಲಿ ಸುತ್ತಿ, ಅದರ ಇನ್ನೊಂದು ದೊಡ್ಡ ಗೋಣಿಯ ಒಳ ಭತ್ತದ ಉಮಿಯ ನೆಡುಕೆ ಹುಗುದು ಬಸ್ಸಿನ ಮೇಲೆ ಮಡುಗಿದವಡ. ದಾರಿ ಇಡೀ ಕಿಟಿಕಿ ಕರೆಲಿ ತಣ್ಣಂಗೆ ನೀರು ತೊಟ್ಟಿಗೊಂಡಿತ್ತು, ಕೂದವು ಕೈ ಹೆರ ಹಾಕಿ ಮೋರಗೆ ಉದ್ದಿಗೊಂಡವಡ. ಮನಗೆ ಎತ್ತಿಯಪ್ಪಗ ಉಗ್ರಾಣದ ಮೂಲೆಲಿ ಮತ್ತೆ ಉಮಿ ಮುಚ್ಚಿ ಮಡುಗಿದವು. ಮರದಿನ ಮಜ್ಜಾನಕ್ಕೆ ಸರ್ಬತ್ತಿಂಗೆ ಬೇಕಾದಷ್ಟು ಒಳುದಿತ್ತು!

"ಅಜ್ಜಿಯಕ್ಕೊ ಮುಟ್ಟಿದವಿಲ್ಲೆ. ಮೀನಿಂಗೆ ಹಾಕುವ ಐಸು ಅಲ್ಲದಾ ಹೇಳಿ ಮೋರೆ ಆಚೆ ಮಾಡಿದವು. ಇದು ಇನ್ನೂ ಮೀನಿನ ಕಂಡಿದಿಲ್ಲೆ ಹೇಳಿ ಮಾವ ಎಷ್ಟು ಹೇಳಿರೂ ಕೇಳಿದವಿಲ್ಲೆ. ಮಕ್ಕೊಗೆ ಲಾಭ ಆತು."

ಈ ಉಮಿಯ ಉಪಾಯ ಅತ್ತೆಯ ಸೋದರಮಾವಂದು ಅಲ್ಲ. ಅದಕ್ಕೂ 133 ವರ್ಷ ಮದಲು ಇದೇ ಉಪಾಯಲ್ಲಿ ಐಸು ಅರ್ಧ ಭೂಮಿಯ ಸುತ್ತಿ ನಮ್ಮ ದೇಶಕ್ಕೆ ಬಯಿಂದು.

ಅಮೇರಿಕದ ಬೋಸ್ಟನಿಲ್ಲಿ ಫ್ರೆಡರಿಕ್ ಟ್ಯೂಡರ್ ಹೇಳುವ ವ್ಯಾಪಾರಿ ಇತ್ತಿದ್ದ. ಚಳಿಗಾಲಲ್ಲಿ ಹೆಪ್ಪು ಕಟ್ಟಿದ ಕೆರೆಗಳ ಐಸಿನ ಗರಗಸಲ್ಲಿ ಕೊಯ್ದು, ಹಡಗಿಲ್ಲಿ ತುಂಬುಸಿ ಶೆಕೆಯ ದೇಶಂಗೊಕ್ಕೆ ಮಾರುದು ಅವನ ವ್ಯಾಪಾರ. 1833ರ ಮೇ ತಿಂಗಳಿಲ್ಲಿ ಟಸ್ಕನಿ ಹೇಳುವ ಹಡಗು 180 ಟನ್ನು ಐಸಿನ ಹೊತ್ತು ಬೋಸ್ಟನಿಂದ ಹೆರಟತ್ತು. ಆಫ್ರಿಕದ ತುದಿಯ ಸುತ್ತಿ, ಭೂಮಧ್ಯರೇಖೆಯ ಎರಡು ಸರ್ತಿ ದಾಂಟಿ, ನಾಲ್ಕು ತಿಂಗಳು ಕಳುದು ಸೆಪ್ಟೆಂಬರಿಲ್ಲಿ ಕಲ್ಕತ್ತಗೆ ಎತ್ತುವಗ ಸುಮಾರು 100 ಟನ್ನು ಐಸಾಗಿಯೇ ಒಳುದಿತ್ತು. ಮತ್ತೆ ಮದ್ರಾಸಿಲ್ಲಿ 1842ರಲ್ಲಿ ಅವನ ಐಸು ಮಡುಗುಲೆ ಸಮುದ್ರದ ಕರೆಲಿ ಒಂದು ದೊಡ್ಡ ಕಟ್ಟೋಣ ಕಟ್ಟಿದವು. 1897ರಲ್ಲಿ ಸ್ವಾಮಿ ವಿವೇಕಾನಂದರು ಬಂದು ಉಳ್ಕೊಂಡದು ಅದೇ ಕಟ್ಟೋಣಲ್ಲಿ. ಚೆನ್ನೈಯ ಮರೀನಾ ಕರೆಗೆ ಹೋದರೆ ಈಗಳೂ ಕಾಂಬಲಕ್ಕು.

ಟಸ್ಕನಿ ಹಡಗಿಲ್ಲಿ ತಂಪು ಮಾಡುವ ಮೆಶಿನು ಹೇಳಿ ಒಂದೂ ಇತ್ತಿಲ್ಲೆ. ಇದ್ದದು ಮರದ ಹೊಡಿ, ಹುಲ್ಲು, ಹಲಗೆ. ಮತ್ತೆ ಐಸಿನದ್ದೇ ಒಂದು ಗುಣ: ಒಂದು ಕಿಲೊ ಐಸು ಕರಗಿ ನೀರಪ್ಪಲೆ ಎಷ್ಟು ಶೆಕೆ ಬೇಕೊ, ಅಷ್ಟು ಶೆಕೆಲಿ ಒಂದು ಲೀಟರು ತಣ್ಣೀರಿನ ಸೊನ್ನೆಂದ 80 ಡಿಗ್ರಿವರೆಗೆ ಬೆಶಿ ಮಾಡ್ಲಕ್ಕು. ಹಾಂಗಾಗಿ ಐಸು ಸುಲಭಲ್ಲಿ ಸೋಲ್ತಿಲ್ಲೆ, ದೊಡ್ಡ ಗಟ್ಟಿ ಆದರಂತೂ ಮತ್ತೂ ನಿಧಾನ.

ಇಲ್ಲಿ ಎನಗೆ ಸುರುವಾಣ ಪಾಠ ಸಿಕ್ಕಿತ್ತು. ತಂಪಿನ ಕೆಲಸ ಹೇಳಿರೆ ಎರಡು: ಹೆರಾಣ ಶೆಕೆಯ ಒಳ ಬಪ್ಪಲೆ ಬಿಡದ್ದೆ ಇಪ್ಪದು ಒಂದು, ಒಳ ಬಂದ ಶೆಕೆಯ ಹೆರ ಹಾಕುದು ಇನ್ನೊಂದು. ಮೆಶಿನು ಮಾಡುದು ಎರಡನೇದರ ಮಾಂತ್ರ. ಸುರುವಾಣದ್ದು ಗೋಡೆಯ ಕೆಲಸ. ಗೋಡೆ ತೆಳ್ಳಂಗಿದ್ದರೆ ಮೆಶಿನು ಎಷ್ಟು ಒಳ್ಳೆದಿದ್ದರೂ ಓಟೆ ಕೊಡಪ್ಪಾನಕ್ಕೆ ನೀರು ತುಂಬುಸಿದ ಹಾಂಗೆ.

ನಿಂಗೊ ಕೇಳುಗು, ನಮ್ಮ ಅಜ್ಜಿಯಕ್ಕೊ ಐಸೇ ಇಲ್ಲದ್ದೆ ಹೇಂಗೆ ಬದುಕಿದವು ಹೇಳಿ. ಮಣ್ಣಿನ ಹೂಜಿಯೋ ಪಾತ್ರಗೆ ಸುತ್ತಿದ ಚೆಂಡಿ ವಸ್ತ್ರವೋ ಇತ್ತು, ಅಪ್ಪು. ಆದರೆ ಅದು ವಿಜಯಪುರಲ್ಲಿ ನಡದ ಹಾಂಗೆ ಮಂಗಳೂರಿಲ್ಲಿ ನಡೆತ್ತಿಲ್ಲೆ. ಹೂಜಿಯ ಹೆರಾಣ ನೀರು ಆರುವಗ ಒಳಾಣ ಶೆಕೆಯ ತೆಕ್ಕೊಂಡು ಹೋವುತ್ತು. ಒಣ ಗಾಳಿಲಿ ನೀರು ಬೇಗ ಆರ್ತು, ತಂಪು ಜಾಸ್ತಿ. ನಮ್ಮ ಕರಾವಳಿಯ ಗಾಳಿಲಿ ನೀರು ಮದಲೇ ತುಂಬಿಗೊಂಡಿರ್ತು. ಒಗದ ವಸ್ತ್ರವೇ ಆರ್ತಿಲ್ಲೆ, ಮತ್ತೆ ಹೂಜಿ ಎಲ್ಲಿ ತಂಪಪ್ಪದು? ಅದಕ್ಕೇ ನಮ್ಮೋರು ತಂಪಿನ ಆಶೆ ಬಿಟ್ಟು ಉಪ್ಪು, ಬೆಶಿಲು, ಹೊಗೆ ಹಿಡುದವು. ಮೆಡಿ ಉಪ್ಪಿನಕಾಯಿ, ಉಪ್ಪಿಲ್ಲಿ ಹಾಕಿದ ಸೊಳೆ, ಮಾಂಬಳ, ಹಪ್ಪಳ: ಎಲ್ಲವೂ ಫ್ರಿಡ್ಜಿಲ್ಲದ್ದ ಊರಿನ ಬುದ್ಧಿವಂತಿಗೆ. ಪ್ರಯಾಣಕ್ಕೂ ಅದೇ ಹೋಗಿಗೊಂಡಿತ್ತು. ಆದರೆ ಇನ್ಸುಲಿನಿನ ಉಪ್ಪಿಲ್ಲಿ ಹಾಕಿ ಮಡುಗುಲೆ ಎಡಿಯ!

ಇನ್ನು ಮೆಶಿನಿನ ಕತೆ. 1834ನೇ ವರ್ಷವ ನೆಂಪು ಮಡಿಕ್ಕೊಳ್ಳಿ. ಮಂಗಳೂರಿನವಕ್ಕೆ ಅದು ಬಾಸೆಲ್ ಮಿಶನಿನವು ಬಂದ ವರ್ಷ. ಹಂಚಿನ ಕಾರ್ಖಾನೆ, ಕನ್ನಡದ ಅಚ್ಚುಕೂಟ ಎಲ್ಲ ಮತ್ತೆ ಬಂದದು ಅವರ ಮೂಲಕ. ಅದೇ ವರ್ಷ ಲಂಡನಿಲ್ಲಿ ಜೇಕಬ್ ಪರ್ಕಿನ್ಸ್ ಹೇಳುವವ ಒಂದು ಮೆಶಿನಿಂಗೆ ಪೇಟೆಂಟು ತೆಗದ. ಬೇಗ ಆವಿ ಅಪ್ಪ ದ್ರವವ ಒಂದು ಹೊಡೆಲಿ ಆವಿ ಮಾಡಿ ಶೆಕೆ ಹೀರುದು, ಮತ್ತೆ ಆ ಆವಿಯ ಒತ್ತಿ ಪುನಾ ದ್ರವ ಮಾಡಿ ಆ ಶೆಕೆಯ ಹೆರ ಬಿಡುದು. ನಮ್ಮ ಅಡಿಗೆಕೋಣೆಯ ಫ್ರಿಡ್ಜಿನ ಹಿಂದೆ 'ಗುಂಯ್' ಹೇಳುವ ಕಂಪ್ರೆಸರ್ ಇದ್ದನ್ನೆ, ಅದರ ಮೂಲ ಅಜ್ಜ ಇದು.

ಅದೇ 1834ರಲ್ಲಿ ಫ್ರಾನ್ಸಿಲ್ಲಿ ಜೀನ್ ಪೆಲ್ಟಿಯರ್ ಹೇಳುವವ ಇನ್ನೊಂದು ಸಂಗತಿ ಕಂಡ. ಅವ ಮದಲು ಗಡಿಯಾರದ ಕೆಲಸ ಮಾಡಿಗೊಂಡಿದ್ದವ. ಎರಡು ಬೇರೆ ಬೇರೆ ಲೋಹಂಗಳ ಜೋಡುಸಿ ಕರೆಂಟು ಹರುಸಿರೆ ಒಂದು ಜೋಡಣೆ ತಂಪಾವುತ್ತು, ಇನ್ನೊಂದು ಬೆಶಿ ಆವುತ್ತು. ಸುಳ್ಯಲ್ಲಿ ಎಂಗಳ ಕೈ ಬಿಟ್ಟ ಪೆಟ್ಟಿಗೆ ಈ ಪೆಲ್ಟಿಯರಿನ ಪುಳ್ಳಿ!

ಈಗ ಕಾರಿಲ್ಲಿ ಕೊಂಡೋಪ ಪೆಟ್ಟಿಗೆಗಳಲ್ಲಿ ಮುಖ್ಯವಾಗಿ ಇಪ್ಪದು ಈ ಎರಡು ಜಾತಿ. ಎರಡೂ ಒಂದೇ ವರ್ಷ ಹುಟ್ಟಿದವು, ಆದರೆ ಶಕ್ತಿ ಒಂದೇ ಅಲ್ಲ.

ಮೂರನೇ ಜಾತಿಯೂ ಒಂದಿದ್ದು. 1922ರಲ್ಲಿ ಸ್ವೀಡನಿನ ಸ್ಟಾಕ್‌ಹೋಮಿಲ್ಲಿ ಬಾಲ್ಟ್ಸರ್ ಫೊನ್ ಪ್ಲಾಟೆನ್, ಕಾರ್ಲ್ ಮುಂಟರ್ಸ್ ಹೇಳುವ ಇಬ್ರು ವಿದ್ಯಾರ್ಥಿಗೊ ಕಂಪ್ರೆಸರೇ ಇಲ್ಲದ್ದ ಫ್ರಿಡ್ಜು ಮಾಡಿದವು. ಕೆಳಂದ ಒಂದು ಸಣ್ಣ ದೀಪ ಹೊತ್ತುಸಿರೆ ಮೇಗಾಣ ಪೆಟ್ಟಿಗೆ ತಂಪಾವುತ್ತು. ಕಿಚ್ಚಿಂದ ತಂಪು ಹೇಳಿರೆ ಮಾಟದ ಹಾಂಗೆ ಕಾಣ್ತು, ಆದರೆ ಒಳ ನಡವದು ಅಮೋನಿಯಾ ನೀರಿನ ಬಿಡುದು, ಪುನಾ ಸೇರುದು ಅಷ್ಟೆ. ಸೀಮೆಎಣ್ಣೆಲಿ, ಗ್ಯಾಸಿಲ್ಲಿ ನಡವ ಈ ಫ್ರಿಡ್ಜುಗೊ ಕರೆಂಟಿಲ್ಲದ್ದ ಊರುಗಳ ಆಸ್ಪತ್ರೆಗಳಲ್ಲಿ ಲಸಿಕೆ ಒಳುಶಿದವು, ಯುರೋಪಿಲ್ಲಿ ಪ್ರವಾಸದ ಗಾಡಿಗಳನ್ನೂ ಹತ್ತಿದವು.

ಅದೇ 1922ರ ಜನವರಿಲಿ ಕೆನಡಾದ ಟೊರೊಂಟೊಲಿ 14 ವರ್ಷದ ಒಬ್ಬ ಮಾಣಿಗೆ ಲೋಕಲ್ಲೇ ಸುರುವಾಣ ಇನ್ಸುಲಿನ್ ಕೊಟ್ಟದು. ತಂಪು ಬೇಕಾದ ಮದ್ದೂ, ಕರೆಂಟು ಬೇಡದ್ದ ಫ್ರಿಡ್ಜೂ ಒಂದೇ ವರ್ಷದ್ದು. ಇದರ ಅತ್ತೆಗೆ ಹೇಳಿಯಪ್ಪಗ "ಅಂಬಗ ಎಂಗೊ ಒಟ್ಟಿಂಗೇ ಹುಟ್ಟಿದೋರು" ಹೇಳಿ ನೆಗೆ ಮಾಡಿದವು.

ನಮ್ಮ ದೇಶಲ್ಲಿ 1958ರಲ್ಲಿ ಗೋದ್ರೆಜಿನವು ಫ್ರಿಡ್ಜು ಮಾಡ್ಲೆ ಸುರು ಮಾಡಿದವು. ಎಂಗಳ ಮನಗೆ ಅದು ಬಪ್ಪಗ 1984 ಆತು. ಅದಕ್ಕೂ ಮದಲು ಮಂಗಳೂರಿನ ಜೆನಂಗೊಕ್ಕೆ ತಂಪಿನ ರುಚಿ ತೋರ್ಸಿದ್ದು ಐಸ್‌ಕ್ರೀಮು. 1975ರಲ್ಲಿ ಪ್ರಭಾಕರ ಕಾಮತರು ಐಡಿಯಲ್ ಐಸ್‌ಕ್ರೀಂ ಸುರು ಮಾಡಿದವು. ನೆಂಪಿದ್ದಾ, ಡಬ್ಬಿ ಐಸ್‌ಕ್ರೀಮಿನ ಪೇಪರಿಲ್ಲಿ ಎರಡು ಮೂರು ಸುತ್ತು ಸುತ್ತಿ ಹಂಪನಕಟ್ಟೆಂದ ಬಸ್ಸು ಹತ್ತಿಗೊಂಡಿದ್ದದು? ಪೇಪರು, ಉಮಿ, ಮರದ ಹೊಡಿ: ಮೂರೂ ಒಂದೇ ಉಪಾಯ. ಅದರ ಎಡೆಲಿ ನಿಂದ ಗಾಳಿಯೇ ಶೆಕೆಯ ತಡವದು. ಈಗಾಣ ಪೆಟ್ಟಿಗೆಗಳ ಗೋಡೆಲಿ ಇಪ್ಪ ಫೋಮಿಂದೂ ಅದೇ ಕೆಲಸ.

ಇಷ್ಟೆಲ್ಲ ಓದಿಯಪ್ಪಗ ಎನಗೆ ನಮ್ಮ ಹೆಮ್ಮಕ್ಕಳ ಕೈಲಿಪ್ಪ ಇನ್ನೊಂದು ಪೆಟ್ಟಿಗೆ ನೆಂಪಾತು. 1995ರಲ್ಲಿ ಪಲ್ಸ್ ಪೋಲಿಯೊ ಸುರು ಆದ ಮತ್ತೆ, ಅಂಗನವಾಡಿಯ ಟೀಚರಕ್ಕ, ನರ್ಸಮ್ಮ ಹೆಗಲಿಂಗೆ ಹಾಕಿಗೊಂಡು ಮನೆಮನೆಗೆ ಬಂದ ಲಸಿಕೆಯ ಪೆಟ್ಟಿಗೆ. ಅದರಲ್ಲಿ ಮೆಶಿನೂ ಇಲ್ಲೆ, ವಯರೂ ಇಲ್ಲೆ. ದಪ್ಪ ಗೋಡೆ, ನಾಲ್ಕು ಹೊಡೆಲಿ ನಾಲ್ಕು ಐಸ್ ಪ್ಯಾಕು, ನೆಡುಕೆ ಲಸಿಕೆ. 2014ರ ಮಾರ್ಚಿಲ್ಲಿ ನಮ್ಮ ದೇಶಲ್ಲಿ ಪೋಲಿಯೊ ಇಲ್ಲೆ ಹೇಳಿ ಪ್ರಮಾಣಪತ್ರ ಸಿಕ್ಕಿದ್ದರಲ್ಲಿ ಆ ಪೆಟ್ಟಿಗೆಯ ಪಾಲು ದೊಡ್ಡದು.

ಆ ಪೆಟ್ಟಿಗೆ ತುಂಬುಸುವ ಒಂದು ಕ್ರಮವ ನೆರೆಕರೆಯ ಒಬ್ಬ ನರ್ಸಮ್ಮ ಎನಗೆ ಹೇಳಿಕೊಟ್ಟತ್ತು. ಫ್ರೀಜರಿಂದ ತೆಗದ ಐಸ್ ಪ್ಯಾಕಿನ ಹಾಂಗೇ ಹಾಕುಲಾಗ. ರಜ್ಜ ಹೊತ್ತು ಹೆರ ಮಡುಗಿ, ಕೆಮಿ ಹತ್ತರೆ ಹಿಡುದು ಆಡ್ಸಿ ನೋಡೆಕ್ಕು. ಒಳ ನೀರು ಕುಲುಕುವ ಶಬ್ದ ಕೇಳಿದ ಮತ್ತೆಯೇ ಪೆಟ್ಟಿಗೆಗೆ. ಎಂತಕೆ ಹೇಳಿರೆ ಕೆಲವು ಲಸಿಕೆ ಶೆಕೆಂದ ಹಾಳಪ್ಪ ಹಾಂಗೇ ಹೆಪ್ಪು ಕಟ್ಟಿರೂ ಹಾಳಾವುತ್ತು. ಇನ್ಸುಲಿನೂ ಅದೇ ಜಾತಿ. ತೆಗೆಯದ್ದ ಪೆನ್ನು 2ರಿಂದ 8 ಡಿಗ್ರಿಯ ಒಳ ಇರೆಕ್ಕು. ಒಂದರಿ ಹೆಪ್ಪು ಕಟ್ಟಿದ್ದರ ಮತ್ತೆ ಕರಗುಸಿರೂ ಉಪಯೋಗ ಇಲ್ಲೆ, ಇಡ್ಕೆಕ್ಕು. ಉಪಯೋಗಲ್ಲಿಪ್ಪ ಪೆನ್ನಿಂಗೆ 30 ಡಿಗ್ರಿಂದ ಕಮ್ಮಿ ಇಪ್ಪ ಜಾಗೆ ಇದ್ದರೆ ಸುಮಾರು ನಾಲ್ಕು ವಾರ ತೊಂದರೆ ಇಲ್ಲೆ ಹೇಳಿ ಡಾಕ್ಟ್ರು ಹೇಳಿದವು. ಆದರೆ ನಮ್ಮ ಏಪ್ರಿಲಿಲ್ಲಿ 30 ಡಿಗ್ರಿಯ ಜಾಗೆ ಎಲ್ಲಿದ್ದು? ನಿಂಗಳ ಮನೆಲಿ ಇನ್ಸುಲಿನ್ ತೆಕ್ಕೊಂಬವು ಇದ್ದರೆ ನಿಂಗಳ ಡಾಕ್ಟ್ರ ಹತ್ತರೆ ಒಂದರಿ ಕೇಳಿಕ್ಕಿ, ಎಲ್ಲ ನಮೂನೆಗೂ ಒಂದೇ ಲೆಕ್ಕ ಅಲ್ಲ.

ಎನಗೆ ಅಂಗಡಿಗೆ ಹೋಪ ಧೈರ್ಯ ಬಂದದು ಇಲ್ಲಿಗೆ. "ಎಷ್ಟು ತಂಪಾವುತ್ತು?" ಹೇಳಿ ಕೇಳುದರ ಬಿಟ್ಟು, "ಹೆರ ಎಷ್ಟು ಶೆಕೆ ಇಪ್ಪಗ, ಒಳ ಒಂದೇ ಹಾಂಗೆ ಎಷ್ಟು ಹೊತ್ತು ಇರ್ತು?" ಹೇಳಿ ಕೇಳಿದೆ.

ಪೆಲ್ಟಿಯರ್ ಪೆಟ್ಟಿಗೆ ಹಗೂರ, ಕ್ರಯವೂ ಕಮ್ಮಿ. ಆದರೆ ಅದು ಹೆರಾಣ ಶೆಕೆಂದ 15–20 ಡಿಗ್ರಿ ಮಾಂತ್ರ ಇಳುಶುಗು. ಬೆಶಿಲಿಲ್ಲಿ ನಿಂದ ಮುಚ್ಚಿದ ಕಾರಿನ ಒಳ 50 ಡಿಗ್ರಿ ಆದರೆ ಪೆಟ್ಟಿಗೆಯ ಒಳ 30. ಸುಳ್ಯಲ್ಲಿ ಚಾವಿ ತೆಗೆಯದ್ದೆ ಇದ್ದಿದ್ದರೂ ಎಂಗಳ ಪೆನ್ನಿಂಗೆ ಬೇಕಾದಷ್ಟು ತಂಪು ಸಿಕ್ಕುತ್ತಿತ್ತಿಲ್ಲೆ. ಉಡುಪಿಗೆ ಹೋಗಿ ಬಪ್ಪಗ ಮಜ್ಜಿಗೆ ಕೊಂಡೋಪಲೆ ಅಕ್ಕು, ಮದ್ದಿಂಗೆ ಆಗ. ಗ್ಯಾಸಿಂದಕ್ಕೆ ಸಮತಟ್ಟು ಜಾಗೆ ಬೇಕು, ಕಿಚ್ಚು ಬೇಕು. ಮುಚ್ಚಿದ ಗಾಡಿಯ ಒಳ ಕಿಚ್ಚು ಹೊತ್ತುಸುಲಾಗ, ಚಾರ್ಮಾಡಿಯ ತಿರ್ಗಾಸುಗಳಲ್ಲಿ ಸಮತಟ್ಟು ಇಲ್ಲೆ. ಒಳುದ್ದು 12 ವೋಲ್ಟಿಲ್ಲಿ ನಡವ ಸಣ್ಣ ಕಂಪ್ರೆಸರಿನದ್ದು. ಕ್ರಯ ಜಾಸ್ತಿ, ಭಾರವೂ ಜಾಸ್ತಿ. ಆದರೆ ಹೆರ ಎಷ್ಟೇ ಶೆಕೆ ಇರಲಿ, ಒಳ 5 ಹೇಳಿರೆ 5.

ಮತ್ತಾಣದ್ದು ಬ್ಯಾಟರಿಯ ಲೆಕ್ಕ. ಮನೆ ಖರ್ಚಿನ ಲೆಕ್ಕದ ಹಾಂಗೇ ಮಾಡಿ. ಮೆಶಿನು ನಡವಗ 45 ವ್ಯಾಟು ಕರೆಂಟು ಬೇಕು. ದಿನಲ್ಲಿ ಅರ್ಧ ಹೊತ್ತು, ಹೇಳಿರೆ 12 ಗಂಟೆ ನಡದರೆ 540 ವ್ಯಾಟ್-ಗಂಟೆ. ಕಾರಿನ ಬ್ಯಾಟರಿ 12 ವೋಲ್ಟು, 45 ಆಂಪಿಯರ್-ಗಂಟೆಯದ್ದಾದರೆ ಅದರಲ್ಲಿ ಇಪ್ಪದೇ 540! ಅದರ ಪೂರ ಕುಡುದರೆ ಮರದಿನ ಗಾಡಿ ಏಳ. ಹಾಂಗಾಗಿ ಬ್ಯಾಟರಿ ಇಳಿವಗ ತನ್ನಷ್ಟಕ್ಕೆ ನಿಂಬ ವ್ಯವಸ್ಥೆ ಫ್ರಿಡ್ಜಿಲ್ಲಿ ಇರೆಕ್ಕು. ಆದರೆ ಫ್ರಿಡ್ಜು ನಿಂದರೆ ಮದ್ದಿನ ಗತಿ? ಅದಕ್ಕೆ ಬೇರೆಯೇ ಒಂದು ಬ್ಯಾಟರಿ ಮಡಿಕ್ಕೊಂಡೆಯೊ. ಹಗಲು ಗಾಡಿ ಓಡುವಗ ಅದು ತುಂಬುತ್ತು, ಇರುಳು ಫ್ರಿಡ್ಜಿನ ನಡೆಶುತ್ತು. ಸೋಲಾರಿನ ಹಾಳೆಯೂ ಸಿಕ್ಕುತ್ತು, ಆದರೆ ನಮ್ಮ ಮಳೆಗಾಲಕ್ಕೆ ಅದರ ನಂಬಿ ಕೂಪಲೆಡಿಯ.

ಫ್ರಿಡ್ಜೂ ಫ್ರೀಜರೂ ಎರಡು ಬೇರೆ ಬೇರೆ ಕೋಣೆ ಇಪ್ಪ ದೊಡ್ಡ ಪೆಟ್ಟಿಗೆ ಮಗಂಗೆ ಮೆಚ್ಚಿತ್ತು. ಆನು ಬೇಡ ಹೇಳಿದೆ. ಎಂಗೊಗೆ ಐಸು ಬೇಡ, ಅಲ್ಲದ್ದೆ ಕೋಣೆ ಮರದು ಆರಾದರೂ ಪೆನ್ನಿನ ಫ್ರೀಜರಿಂಗೆ ಹಾಕಿರೆ ಎಲ್ಲ ಹೋತು. ಒಂದೇ ಕೋಣೆಯ, ಮೇಗಂದ ಮುಚ್ಚಲು ತೆಗವ 20 ಲೀಟರಿಂದು ತಂದೆಯೊ. ತಂಪು ಗಾಳಿ ಭಾರ. ಭರಣಿಯ ಮುಚ್ಚಲು ತೆಗದರೆ ಉಪ್ಪಿನಕಾಯಿ ಚೆಲ್ಲದ್ದ ಹಾಂಗೆ, ಮೇಗಂದ ತೆಗವ ಪೆಟ್ಟಿಗೆಂದ ತಂಪು ಚೆಲ್ಲುತ್ತಿಲ್ಲೆ. ಬದಿಂದ ಬಾಗಿಲು ತೆಗವದಾದರೆ ಪೂರ ಕಾಲಬುಡಕ್ಕೆ ಸೋರಿ ಹೋವುತ್ತು.

ತಂದ ಮರದಿನವೇ ಹೆರಟಿದೆಯೊ ಹೇಳಿ ಗ್ರೇಶೆಡಿ. ಎರಡು ದಿನ ಎಂಗಳ ಜಾಲಿಲ್ಲಿ ನಿಲ್ಸಿದ ಜೀಪಿಲ್ಲೇ ಮಡುಗಿದೆಯೊ. ಒಳ ನೀರಿನ ಬಾಟ್ಲಿ ತುಂಬುಸಿ, ನೆಡುಕೆ ಒಂದು ಸ್ಟೀಲಿನ ಡಬ್ಬಿಲಿ ವಸ್ತ್ರ ಸುತ್ತಿ ಖಾಲಿ ಪೆನ್ನು, ಅದರ ಹತ್ತರೆ ಸಣ್ಣ ಥರ್ಮಾಮೀಟರು. ಗೋಡೆಗೆ ತಾಗಿದ ಹೊಡೆಲಿ ಒಂದು ಸರ್ತಿ 1 ತೋರ್ಸಿತ್ತು, ನೆಡುಕೆ 5. ಡಬ್ಬಿ ನೆಡುಕೆಯೇ ಇರೆಕ್ಕು ಹೇಳುದು ಅಂಬಗ ಗೊಂತಾತು. ಅತ್ತೆ ಎರಡು ದಿನವೂ ಗಂಟೆಗೊಂದರಿ ಹೋಗಿ ನೋಡಿ, ಕ್ಯಾಲೆಂಡರಿನ ಹಿಂದೆ ಬರದು ಮಡುಗಿದವು. ಮೂರನೇ ದಿನ ಎಂತದೂ ಹೇಳದ್ದೆ ಅವರ ಸೀರೆ ಮಡುಸುಲೆ ಸುರು ಮಾಡಿದವು.

ಕಾಫಿ ತೋಟಲ್ಲಿ ಸುರುವಾಣ ಇರುಳು ಮೂರು ಗಂಟೆಗೆ ಎನಗೆ ಎಚ್ಚರಿಕೆ ಆತು. ಅತ್ತೆ ಹಾಸಿಗೆಲಿ ಎದ್ದು ಕೂದು, ಟಾರ್ಚು ಹಿಡುದು ಫ್ರಿಡ್ಜಿನ ಅಂಕೆ ನೋಡಿಗೊಂಡಿತ್ತವು.

"ಎಷ್ಟಿದ್ದು ಅತ್ತೆ?"

"ಐದು. ನೀನು ಒರಗು."

ಉದಿಯಪ್ಪಗ ಮೈಂದು ಬಿದ್ದ ಹುಲ್ಲಿಲ್ಲಿ ಕುರ್ಚಿ ಹಾಕಿ ಕೂದು ಇನ್ಸುಲಿನ್ ತೆಕ್ಕೊಂಡವು. ಮತ್ತೆ ಪುನರ್ಪುಳಿಯ ಸರ್ಬತ್ತು ಕೊಟ್ಟೆಯೊ. "ಐಸು ಇಲ್ಲೆಯಾ?" ಹೇಳಿ ಒಂದು ಗುಟುಕು ಕುಡುದವು. "ತಂಪಿದ್ದರೆ ಸಾಕು. ಐಸು ಎನ್ನ ಮದುವೆಗೇ ಆಯಿದು."

ಬಪ್ಪ ತಿಂಗಳು ವಿಟ್ಲಕ್ಕೆ ಹೆರಟಿದವು, ಅಪ್ಪನ ಮನೆಲಿ ಮೂರು ಇರುಳು. ಅಲ್ಲಿ ಫ್ರಿಡ್ಜು ಇದ್ದನ್ನೆ, ದಾರಿಗೆ ಐಸ್ ಪ್ಯಾಕು ಸಾಕು, ಈ ಭಾರದ ಪೆಟ್ಟಿಗೆ ಎಂತಕ್ಕೆ ಹೇಳಿ ಕೇಳಿದೆ.

"ಅಲ್ಲಿ ಕರೆಂಟು ಹೋದರೆ?" ಹೇಳಿದವು.